ಕಂಪ್ರೆಸರಿಗೆ ನೆರಳು

ಸಂಜೆ ಕರೆದ ಹಾಲು ಡೇರಿಗೆ ಬರುವಾಗ ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ. ಅದನ್ನು 4 ಡಿಗ್ರಿಗೆ ಇಳಿಸದಿದ್ದರೆ ಬೆಳಗಿನ ಟ್ಯಾಂಕರ್ ಬರುವಷ್ಟರಲ್ಲಿ ಹುಳಿ. ನಾನು ಹುಡುಗನಾಗಿದ್ದಾಗ ಮಂಡ್ಯದ ಕಡೆಯ ನಮ್ಮೂರಲ್ಲಿ ಕೂಲರ್ ಇರಲಿಲ್ಲ. ಕ್ಯಾನುಗಳು ರಸ್ತೆಬದಿ ಸಾಲಾಗಿ ನಿಂತು ಲಾರಿ ಕಾಯುತ್ತಿದ್ದವು. ಲಾರಿ ತಡವಾದರೆ ಮುಚ್ಚಳ ತೆಗೆದು ಮೂಸಿ, ಹಾಲು ನಿಂತೀತೋ ಇಲ್ಲವೋ ಎಂದು ತೀರ್ಪು ಕೊಡಲು ಒಬ್ಬ ಯಜಮಾನನಿದ್ದ. ಆಮೇಲೆ ಬಲ್ಕ್ ಮಿಲ್ಕ್ ಕೂಲರ್ ಬಂತು, ಆ ಮೂಗಿನ ಕೆಲಸ ಹೋಯಿತು.

ಕೂಲರಿನ ಜೀವ ಇರುವುದು ಗೋಡೆಯಾಚೆಯ ಕಪ್ಪು ಡಬ್ಬಿಯಲ್ಲಿ. ಅದೇ ಸ್ಕ್ರೋಲ್ ಕಂಪ್ರೆಸರ್. ಪಿಸ್ಟನ್ ಇಲ್ಲ, ದಡಬಡ ಇಲ್ಲ. ಒಳಗೆ ಎರಡು ಲೋಹದ ಚಕ್ಕುಲಿಗಳು ಒಂದರ ಸಂದಿನಲ್ಲಿ ಇನ್ನೊಂದು ಕೂತಿವೆ. ಒಂದು ಅಲ್ಲಾಡುವುದಿಲ್ಲ; ಇನ್ನೊಂದು ತನ್ನಷ್ಟಕ್ಕೆ ತಾನು ತಿರುಗದೆ ಅದರೊಳಗೇ ಸುಳಿಯುತ್ತಿರುತ್ತದೆ. ಹಾಲು ತಣಿಸುವ ಗ್ಯಾಸು ಅಂಚಿನಲ್ಲಿ ಸಿಕ್ಕಿಬಿದ್ದು ನಡುವಿಗೆ ಬರುವಷ್ಟರಲ್ಲಿ ಹಿಂಡಿ ಹಿಪ್ಪೆ. ಫ್ರಾನ್ಸಿನ ಲಿಯೋನ್ ಕ್ರೂ 1905ರಲ್ಲೇ ಇದಕ್ಕೆ ಅಮೆರಿಕದ ಪೇಟೆಂಟ್ ಪಡೆದಿದ್ದ. ಅಷ್ಟು ಕರಾರುವಾಕ್ಕಾಗಿ ಲೋಹ ಕೊರೆಯುವ ಯಂತ್ರ ಆಗ ಇರಲಿಲ್ಲ. ಸರಕು ಅಂಗಡಿಗೆ ಬರಲು 1980ರ ದಶಕ ಬೇಕಾಯಿತು. ಅಷ್ಟು ಹೊತ್ತಿಗೆ ಆ ಪುಣ್ಯಾತ್ಮ ಇರಲಿಲ್ಲ.

ಹೀಗೆ ಹಿಂಡುವಾಗ ಗ್ಯಾಸು ಕಾಯುತ್ತದೆ, ಅದೇ ಡಬ್ಬಿಯ ಮೋಟರೂ ಕಾಯುತ್ತದೆ. ಮೋಟರಿಗೆಂದು ಬೇರೆ ಫ್ಯಾನಿಲ್ಲ. ಹಾಲಿನ ಟ್ಯಾಂಕಿನಿಂದ ಮರಳುವ ತಂಪು ಗ್ಯಾಸೇ ದಾರಿಯಲ್ಲಿ ಮೋಟರಿನ ಮೈ ಸವರಿ, ಆಮೇಲೆ ಚಕ್ಕುಲಿಗೆ ಹೋಗುತ್ತದೆ. ಗ್ಯಾಸು ಎಲ್ಲೋ ಸೋರಿ ಕಮ್ಮಿಯಾಯಿತೋ, ಹಾಲೂ ತಣ್ಣಗಾಗದು, ಮೋಟರೂ ತಣ್ಣಗಾಗದು. ಒಳಗಿನ ಓವರ್‌ಲೋಡ್ ಟ್ರಿಪ್ ಆಗಿ ಡಬ್ಬಿ ಮೌನವ್ರತ ಹಿಡಿಯುತ್ತದೆ. ತಾನಾಗಿ ಆರುವ ತನಕ ಏಳುವುದಿಲ್ಲ; ಡೇರಿ ಅಧ್ಯಕ್ಷರೇ ಬಂದು ಬೈದರೂ ಅಷ್ಟೆ.

ಒಂದು ಬೇಸಿಗೆಯಲ್ಲಿ ಇದು ದಿನಾ ನಡೆಯತೊಡಗಿತು. ಸೆಕ್ರೆಟ್ರಿ ಡಬ್ಬಿಗೆ ಗೋಣಿತಾಟು ಹೊದಿಸಿ ಬಿಂದಿಗೆಯಲ್ಲಿ ನೀರು ಹುಯ್ಯುತ್ತಿದ್ದರು. ಮೆಕ್ಯಾನಿಕ್ ಹುಡುಗ ಬಂದವನೇ ಕೂಗಿದ: "ಕರೆಂಟಿರೋ ಕಡೆ ನೀರು ಹುಯ್ತೀರಲ್ಲ ಸೆಕ್ರೆಟ್ರಿ ಸಾಹೇಬ್ರೇ, ಹಾಲಿನ ಜೊತೆ ನಿಮ್ಮನ್ನೂ ಟ್ಯಾಂಕರಿಗೆ ಹತ್ತಿಸ್ಬೇಕಾಯ್ತದೆ!"

ಗ್ಯಾಸು ಸರಿಯಾಗಿತ್ತು. ಬಿಸಿ ಹೊರಹಾಕುವ ಕಂಡೆನ್ಸರಿನ ತೆಳು ರೆಕ್ಕೆಗಳ ಸಂದಿಯಲ್ಲಿ ಪಶು ಆಹಾರದ ಧೂಳು, ಹುಲ್ಲಿನೆಳೆ, ಕೋಳಿಪುಕ್ಕ ಎಲ್ಲ ಸಂಸಾರ ಹೂಡಿದ್ದವು. ಕಂಪ್ರೆಸರಿನಿಂದ ಹೊರಡುವ ಪೈಪಿನ ಬಿಸಿ 105 ಡಿಗ್ರಿಯ ಆಸುಪಾಸಿಗೆ ಹೋದರೆ ಒಳಗಿನ ಎಣ್ಣೆ ಕೆಡಲು ಶುರುವಾಗುತ್ತದೆ ಎಂದು ಹುಡುಗ ಪಾಠ ಮಾಡಿದ. ರೆಕ್ಕೆ ತೊಳೆದ. ಜೊತೆಗೊಂದು ಮಾತು ಸೇರಿಸಿದ: ಪಡುವಣ ಬಿಸಿಲು ಬಡಿಯುವ ಈ ಜಾಗ ಬೇಡ, ನೆರಳು ಬೇಕು, ಗಾಳಿಯೂ ಆಡಬೇಕು.

ನೆರಳಿದ್ದದ್ದು ಒಂದೇ ಕಡೆ, ಹೊಂಗೆಮರದ ಕೆಳಗೆ. ಅಲ್ಲಿ ಹಿರಿಯರು ಇಸ್ಪೀಟಾಡುತ್ತಿದ್ದರು. ವಿಷಯ ಸಭೆಗೆ ಹೋಯಿತು, ಕೈ ಎತ್ತಿಸಿದರು. ಹಾಲು ಹಾಕುವವರು ಹೆಂಗಸರು, ಇಸ್ಪೀಟಾಡುವವರು ಗಂಡಸರು. ಕಂಪ್ರೆಸರ್ ಭಾರಿ ಬಹುಮತದಿಂದ ಗೆದ್ದಿತು. ಸೋತವರಲ್ಲಿ ಆ ಮೂಗಿನ ಯಜಮಾನನೂ ಇದ್ದ. ಮೊದಲು ಕೆಲಸ ಹೋಗಿತ್ತು, ಈಗ ನೆರಳೂ ಹೋಯಿತು. ನನಗೆ ಅವನ ಮುಖ ನೋಡಲಾಗಲಿಲ್ಲ.

ಆದರೆ ಮಾಗಿ ಬಂದಾಗ ಹಿರಿಯರು ಒಬ್ಬೊಬ್ಬರೇ ಹೊಂಗೆ ಬುಡಕ್ಕೆ ವಾಪಸಾದರು. ಬೆಳಗಿನ ಹಾಲು ತಣಿಯುವಾಗ ಕಂಡೆನ್ಸರಿನ ಫ್ಯಾನು ಬಿಸಿಗಾಳಿ ಬಿಡುತ್ತದಲ್ಲ, ಅದಕ್ಕೆ ಬೆನ್ನು ಕೊಟ್ಟು ಕಂಬಳಿ ಸಡಿಲಿಸಿ ಎಲೆ ಹಂಚುತ್ತಾರೆ. ರಜೆಗೆ ಹೋದಾಗ ನಾನೂ ಕೂತೆ. ಇದು ಹಾಲಿನಿಂದ ತೆಗೆದ ಬಿಸಿ, ಜೊತೆಗೆ ಕರೆಂಟಿನದೂ ಒಂದಿಷ್ಟು ಸೇರಿದೆ ಎಂದು ವಿವರಿಸಿದೆ. ಎದುರಿಗಿದ್ದ ಅಜ್ಜ ಎಲೆ ಇಳಿಸದೆ ಕೇಳಿದ: "ಹಂಗಾದ್ರೆ ಇದ್ರಲ್ಲಿ ನಮ್ಮ ಹಸು ಗೌರಿದು ಎಷ್ಟೈತೆ ಕಣಪ್ಪಾ?"