ಶವಪೆಟ್ಟಿಗೆಯ ವ್ಯಾಪಾರಿಯ ಅನುಮಾನ

ಸಾರಕ್ಕಿ ಮಾರುಕಟ್ಟೆಯ ಹಿಂದುಗಡೆಯ ಬೀದಿಯಲ್ಲಿರುವ ನಮ್ಮ ಔಷಧ ವಿತರಣಾ ಕಚೇರಿಯ ಗೋಡೆಗೆ ಕಳೆದ ವಾರ ಒಂದು ಸುತ್ತೋಲೆ ಅಂಟಿತು: ಸಿಬ್ಬಂದಿಯ ಮೊಬೈಲುಗಳೆಲ್ಲವನ್ನೂ ಬೇರೊಂದು ಕಂಪನಿಗೆ ಹಂತ ಹಂತವಾಗಿ ಪೋರ್ಟ್ ಮಾಡಿಸತಕ್ಕದ್ದು, ಮೊದಲು ಲೆಕ್ಕಪತ್ರದವರು, ಅನಂತರ ಗೋಡೌನಿನವರು, ಕಟ್ಟಕಡೆಗೆ ಆರ್ಡರು ಹಿಡಿಯುವವರು. ಈಗಿನ ಸಿಗ್ನಲು ನೆಲಮಾಳಿಗೆಯ ಗೋಡೌನಿಗೆ ಇಳಿಯಲೊಲ್ಲದೆಂಬುದೇ ಇದಕ್ಕೆ ಕಾರಣ. "ಒಂದೇ ದಿನ ಎಲ್ಲರದೂ ಮುಗಿಸಿಬಿಡಬಾರದಾ ಸಾರ್?" ಎಂದು ಹುಡುಗನೊಬ್ಬ ಕೇಳಿದನು. ಮ್ಯಾನೇಜರು, "ಮೆಡಿಕಲ್ ಶಾಪಿನವರು ಫೋನ್ ಮಾಡಿ, ಇಲ್ಲಿ ಯಾರೂ ಎತ್ತದಿದ್ದರೆ ಪಕ್ಕದ ಏಜೆನ್ಸಿಗೆ ಮಾಡ್ತಾರಪ್ಪ" ಎಂದರು. ಆ ಮಾತು ಕಿವಿಗೆ ಬಿದ್ದೊಡನೆ ನನಗೆ ಸ್ಟ್ರೋಜರನ ಸ್ಮರಣೆಯಾಯಿತು.

ಈ ಪುಣ್ಯಾತ್ಮನ ಹೆಸರು ನಮ್ಮ ಮನೆಯಲ್ಲಿ ನಿತ್ಯಪಾರಾಯಣವಾಗಿದ್ದುದು ಚಿಕ್ಕಪ್ಪನ ದೆಸೆಯಿಂದ. 1948ರಲ್ಲಿ ಆರಂಭವಾದ ಐ.ಟಿ.ಐ. ಎಂಬ ಟೆಲಿಫೋನು ಕಾರ್ಖಾನೆಯಲ್ಲಿ ಅವರು ಕೆಲಸಕ್ಕಿದ್ದರು. ಸಾರಕ್ಕಿಯಲ್ಲಿ ರಾಗಿಯ ಹೊಲಗಳಿನ್ನೂ ಉಳಿದಿದ್ದ ಆ ಕಾಲದಲ್ಲಿ, ನಸುಕಿನಲ್ಲೇ ಕಾರ್ಖಾನೆಯ ಬಸ್ಸು ಹತ್ತಿ, ಊರಿನ ಇನ್ನೊಂದು ತುದಿಯ ದೂರವಾಣಿನಗರಕ್ಕೆ ಹೋಗಿ, ಸಂಜೆ ಹಿಂದಿರುಗಿ, ಕೈಕಾಲು ತೊಳೆದು ಊಟಕ್ಕೆ ಕುಳಿತರೆಂದರೆ ಆಲ್ಮನ್ ಸ್ಟ್ರೋಜರನ ಪುರಾಣ ಆರಂಭವಾಗುತ್ತಿತ್ತು.

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಈತನದು ಶವಸಂಸ್ಕಾರದ ವ್ಯಾಪಾರ. ಅದೇ ಊರಿನ ಪ್ರತಿಸ್ಪರ್ಧಿಯ ಹೆಂಡತಿ ಟೆಲಿಫೋನು ಎಕ್ಸ್‌ಚೇಂಜಿನಲ್ಲಿ ಕುಳಿತು, ಸ್ಟ್ರೋಜರನನ್ನು ಕೇಳಿಕೊಂಡು ಬಂದ ಕರೆಗಳನ್ನೆಲ್ಲ ತನ್ನ ಗಂಡನ ಅಂಗಡಿಗೆ ತಿರುಗಿಸುತ್ತಿದ್ದಳೆಂದೂ, ಬಂದ ಹೆಣಗಳು ಹೀಗೆ ಕೈತಪ್ಪಿದುದರಿಂದ ರೋಸಿಹೋದ ಆತನು ನಡುವೆ ಮನುಷ್ಯರೇ ಇಲ್ಲದ ಯಂತ್ರವೊಂದನ್ನು ಕಲ್ಪಿಸಿದನೆಂದೂ ಕಥೆ. ಕಥೆಯ ಸತ್ಯಾಸತ್ಯತೆಯನ್ನು ಪರಿಶೀಲಿಸುವ ಮನಸ್ಸು ನನಗಿಲ್ಲ. ಅನುಮಾನದಿಂದ ಹುಟ್ಟಿದ ಇಷ್ಟೊಂದು ಉಪಯುಕ್ತವಾದ ಸಂತಾನ ಬೇರೆಲ್ಲಿದೆ? 1891ರಲ್ಲಿ ಪೇಟೆಂಟು ದೊರೆಯಿತು. ಮರುವರ್ಷ ಇಂಡಿಯಾನಾದ ಲಾ ಪೋರ್ಟ್ ಎಂಬ ಊರಿನಲ್ಲಿ ಯಂತ್ರ ಚಾಲನೆಗೊಂಡಿತು. ಅದರ ವಂಶದ ಸ್ವಿಚ್ಚುಗಳೇ ಮುಂದೆ ನಮ್ಮ ದೂರವಾಣಿನಗರದಲ್ಲಿಯೂ ತಯಾರಾದುವು.

ಚಿಕ್ಕಪ್ಪ ಅದರ ಮರ್ಮವನ್ನು ಸಾರಿನ ಸೌಟಿನಿಂದ ವಿವರಿಸುತ್ತಿದ್ದರು. "ನೋಡು ಮಗಾ, ಕೊನೆಯ ಎರಡು ಅಂಕಿ ಏಳು, ಮೂರು ಅಂತಿಟ್ಕೋ. ಡಯಲಿನಲ್ಲಿ ಏಳು ತಿರುಗಿಸಿದೆಯಾ, ಕಡ್ಡಿ ಏಳು ಮೆಟ್ಟಿಲು ಮೇಲಕ್ಕೆ. ಮೂರು ತಿರುಗಿಸಿದೆಯಾ, ಮೂರು ಹೆಜ್ಜೆ ಪಕ್ಕಕ್ಕೆ!" ಸೌಟು ಟಕ್ ಟಕ್ಕೆಂದು ಗಾಳಿಯಲ್ಲಿ ಏರಿ, ಬಲಕ್ಕೆ ಸರಿದು, ನಿಗದಿಯಾದ ಚಂದಾದಾರನ ಮನೆ ಮುಟ್ಟುವಷ್ಟರಲ್ಲಿ, ಒರೆಸಿದ ನೆಲದ ಮೇಲೆ ಸಾರು ತೊಟ್ಟಿಕ್ಕಿ, ಚಿಕ್ಕಮ್ಮನ ಬೈಗುಳ ಸಂಪರ್ಕವನ್ನು ಕಡಿದುಹಾಕುತ್ತಿತ್ತು. ಹತ್ತು ಮಟ್ಟ, ಮಟ್ಟಕ್ಕೆ ಹತ್ತು ಸ್ಥಾನ. ಒಟ್ಟು 100 ಮನೆಗಳು ಒಂದು ಸೌಟಿನ ಅಳವಿನಲ್ಲಿ! ಇಷ್ಟೆಲ್ಲ ಬಲ್ಲ ಚಿಕ್ಕಪ್ಪನ ಮನೆಯಲ್ಲಿ ಮಾತ್ರ ಫೋನಿರಲಿಲ್ಲ. ಅರ್ಜಿ ಹಾಕಿ, ಕಾಯುವವರ ಪಟ್ಟಿಯಲ್ಲಿ ವರ್ಷಗಟ್ಟಲೆ ಹಿಂದೆ ನಿಂತಿದ್ದರು.

ಅಂಥ ಕಾಲವನ್ನು ಕಂಡವನಿಗೆ, ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬಿಡುವ ಈಗಿನ ಸೌಲಭ್ಯವು ಐಂದ್ರಜಾಲವೇ ಸರಿ. 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಆರಂಭವಾದ ಇದು 2011ರ ಜನವರಿ 20ರಂದು ದೇಶಕ್ಕೆಲ್ಲ ಬಂದಿತು. 1900ಕ್ಕೆ ಸಂದೇಶ ಕಳುಹಿಸಿದರೆ ಎಂಟಕ್ಷರದ ಸಂಕೇತವೊಂದು ಬರುತ್ತದೆ. ಅದರ ಆಯುಸ್ಸು ನಮ್ಮ ಕಡೆ ನಾಲ್ಕು ದಿನ. ಹಳೆಯ ಬಿಲ್ಲಿನ ಬಾಕಿ ತೀರಿರಬೇಕು. ಸಂಸ್ಥೆಯ ಹೆಸರಿನ ಸಂಪರ್ಕಗಳಿಗಾದರೆ ಅಧಿಕೃತರ ಸಹಿಯ ಪತ್ರವೂ ಬೇಕು. ಒಂದು ಪತ್ರಕ್ಕೆ 100 ಸಂಖ್ಯೆಗಳವರೆಗೆ ಅವಕಾಶವುಂಟು. ನಮ್ಮಲ್ಲಿ ಅದರ ಅರ್ಧವೂ ಇಲ್ಲ. ಎಂದ ಮೇಲೆ ಈ ಹಂತಗಳು ಕಾನೂನಿನಿಂದ ಬಂದವಲ್ಲ, ಕೇವಲ ಸ್ಟ್ರೋಜರನ ವಂಶವಾಹಿನಿಯಾದ ಭಯದಿಂದ ಬಂದವು. ಹಳೆಯ ಸಿಮ್ಮು ಸತ್ತು ಹೊಸದು ಜೀವ ತಳೆಯುವ ನಡುವಿನ ಕೆಲವು ಗಂಟೆಗಳಲ್ಲಿ ಒಂದು ಕರೆ ದಾರಿ ತಪ್ಪಿದರೆ?

ಆ ಗಂಟೆಗಳಿಗೆಂದು ಮೇಜಿನ ಮೇಲಿನ ಹಳೆಯ ಲ್ಯಾಂಡ್‌ಲೈನಿಗೆ ಮರುಜೀವ ಕೊಡಿಸಿ, ಅದರ ಸಂಖ್ಯೆಯನ್ನು ಖಾಯಂ ಗಿರಾಕಿಗಳಿಗೆಲ್ಲ ತಿಳಿಸುವುದೆಂದು ನಿಶ್ಚಯವಾಗಿದೆ. ಅದರ ಬಳಿ ಕೂರಲು ಮ್ಯಾನೇಜರು ಸೂಚಿಸಿರುವುದು ನಮ್ಮ ಹೊಸ ಗುಮಾಸ್ತೆಯನ್ನು. ಬಹಳ ಚುರುಕಿನ ಹೆಣ್ಣುಮಗಳು, ಮಾತೂ ಮಧುರ. ಆಕೆಯ ಯಜಮಾನರು ಪಕ್ಕದ ಏಜೆನ್ಸಿಯಲ್ಲಿ ಪಾಲುದಾರರೆಂಬುದನ್ನು ನಾನು ಒಂದು ಚೀಟಿಯಲ್ಲಿ ಬರೆದು, ವಿನಯಪೂರ್ವಕವಾಗಿ, ಮ್ಯಾನೇಜರ ಮೇಜಿಗೆ ಕಳುಹಿಸಿದ್ದೇನೆ.