ದನಿ ದೊಡ್ಡದಾದರ ಸಾಲದು, ಮಾತು ಮುಟ್ಟಬೇಕು

ಈ ಸಲ ತೊಗರಿ ಬಗ್ಗೆ ಬರೆಯಂಗಿಲ್ಲ. ನಮ್ಮ ಹೊಲದ ಬೇವಿನ ಗಿಡದಿಂದ ಎರಡೂ ಕಡೆ ಇಳಿದಿರೋ ತಂತಿ ನೋಡಿ ಬಹಳ ಮಂದಿ ಕೇಳ್ಯಾರ, "ಅಣ್ಣಾ, ಹಂದಿಗೆ ಕರೆಂಟ್ ಬೇಲಿ ಹಾಕೀಯೇನು?" ಅಂತ. ಅಲ್ರೀ, ಅದು ಹ್ಯಾಮ್ ರೇಡಿಯೋದ ಏರಿಯಲ್. ಒಟ್ಟು 66 ಅಡಿ ತಂತಿ, ನಡುವೆ ಕತ್ತರಿಸಿ ಅಲ್ಲಿಂದ ಒಂದು ಕೇಬಲ್ ಹೊಲದ ಕೋಣಿಯೊಳಗ ಬಂದದ. ಅದರ ಕೆಳಗ ಒಂದು ಸೆಕೆಂಡ್ ಹ್ಯಾಂಡ್ ಸೆಟ್ಟು, 12 ವೋಲ್ಟ್ ಟ್ರ್ಯಾಕ್ಟರ್ ಬ್ಯಾಟರಿ, ಒಂದು ಮೈಕ್. ಇವತ್ತು ಆ ಮೈಕಿನ ದನಿ ಹದ ಮಾಡೋದರ ಬಗ್ಗೆ ಬರೀತೀನಿ. ರೇಡಿಯೋ ಇಲ್ಲದವರಿಗೂ ಇದರಾಗ ಕೆಲಸಕ್ಕ ಬರೋ ಮಾತು ಅದ.

ಇದು ಯಾಕ ಬೇಕಾಯ್ತು ಅನ್ನೋದು ಮೊದಲು. 2020ರ ಅಕ್ಟೋಬರದಾಗ ಭೀಮಾ ಉಕ್ಕಿದ್ದು ಯಾರಿಗೂ ಮರೆತಿರಲಿಕ್ಕಿಲ್ಲ. ಮ್ಯಾಲೆ ಉಜನಿ ಡ್ಯಾಮಿನಿಂದ ಬಿಟ್ಟ ನೀರು, ಇಲ್ಲಿ ನಮ್ಮ ಕಾಗಿಣಾದ ನೀರು, ಮೇಲೆ ಮಳಿ. ನಮ್ಮ ಕಡೆ ಕರೆಂಟು ಹೋತು, ಟವರಿನ ಬ್ಯಾಟರಿ ಇಳೀತು, ಕೈಯಾಗಿನ ಫೋನು ಬರೇ ಟಾರ್ಚ್ ಆತು. ನದಿ ದಂಡಿ ಹೊಲದಾಗ ಪಂಪು, ಪೈಪು, ದನ ಇಟ್ಟವರಿಗೆ ಆಗ ಬೇಕಾಗಿದ್ದು ಒಂದೇ ಸುದ್ದಿ: ಮೇಲಿನಿಂದ ಎಷ್ಟು ನೀರು ಬರಲಿಕ್ಕತ್ತದ? ಆ ಒಂದು ಅಂಕಿ ಸಿಗಲಿಲ್ಲ. ನೀರು ಇಳಿದ ಮೇಲೆ ನಾನು ಹ್ಯಾಮ್ ಪರೀಕ್ಷೆಯ ಪುಸ್ತಕ ತರಿಸಿದೆ. ಕೇಂದ್ರ ಸರ್ಕಾರ ನಡೆಸೋ ಪರೀಕ್ಷೆ ಅದು, 12 ವರ್ಷ ತುಂಬಿದ ಯಾರಾದ್ರೂ ಬರೀಬಹುದು. ಎಸ್ಸೆಸ್ಸೆಲ್ಸಿ ವಿಜ್ಞಾನ ಮತ್ತೊಮ್ಮೆ ಓದಿದಂಗ ಆತು, ಪಾಸಾದೆ, ಲೈಸೆನ್ಸ್ ಬಂತು. ಒಂದು ಮಾತು ಈಗಲೇ ಹೇಳಿಬಿಡ್ತೀನಿ: ಈ ರೇಡಿಯೋದಾಗ ವ್ಯಾಪಾರ ಮಾತಾಡೋ ಹಂಗಿಲ್ಲ. ತೊಗರಿ ರೇಟು ಕೇಳ್ರಿ ಅಂತ ನನಗೆ ಹೇಳಬ್ಯಾಡ್ರಿ.

ಇದು ಆಟದ ಸಾಮಾನು ಅಂತ ತಿಳ್ಕೋಬ್ಯಾಡ್ರಿ. 2004ರ ಡಿಸೆಂಬರ್‌ನಾಗ ಭಾರತಿ ಪ್ರಸಾದ್ ಅನ್ನೋ ಹ್ಯಾಮ್ ತಾಯಿ ತಮ್ಮ ತಂಡದ ಜೊತೆ ಅಂಡಮಾನಿಗೆ ಹೋಗಿದ್ದರು, ಬರೇ ಹವ್ಯಾಸಕ್ಕ ರೇಡಿಯೋ ಹಚ್ಚಲಿಕ್ಕೆ. 26ರಂದು ಸುನಾಮಿ ಬಂತು. ಫೋನು ಬಂದಾದಾಗ ಅದೇ ಸೆಟ್ಟಿನಿಂದ ಪೋರ್ಟ್ ಬ್ಲೇರ್‌ನ ಸುದ್ದಿ ಹೊರಗ ಬಂತು, ಮನೆಯವರು ಬದುಕ್ಯಾರೋ ಇಲ್ಲೋ ಅಂತ ಕಾಯ್ತಿದ್ದ ಮಂದಿಗೆ ಉತ್ತರ ಹೋತು.

ಈಗ ಮೈಕಿನ ವಿಷಯಕ್ಕ ಬರ್ತೀನಿ. ಸೊಲ್ಲಾಪುರದಾಗ ಒಬ್ಬರು ಹಿರಿಯ ಹ್ಯಾಮ್ ಇದ್ದಾರ, ಮನಿ ಮಾತು ಕನ್ನಡ. ನಮ್ಮಿಂದ ಸುಮಾರು 150 ಕಿಲೋಮೀಟರು. ದಿನಾ ಮುಂಜಾನೆ 7 ಮೆಗಾಹರ್ಟ್ಸ್ ಬ್ಯಾಂಡಿನ ಮೇಲೆ ಮಾತಾಡ್ತೀವಿ. ಶುರುವಿನಾಗ ಅವರು ಅಂದ್ರು, "ತಮ್ಮಾ, ನಿನ್ನ ದನಿ ಗಟ್ಟಿ ಬರ್ತದ, ಮಾತು ಬರವಲ್ದು." ನನಗೆ ವಿಚಿತ್ರ ಅನಿಸ್ತು. ದನಿ ಬಂದ ಮೇಲೆ ಮಾತು ಬರದೇ ಇರೋದು ಹ್ಯಾಂಗ? ಅವರು ಒಂದು ಪರೀಕ್ಷೆ ಇಟ್ಟರು: ನಾನು 20 ಅಂಕಿ ಓದಬೇಕು, ಅವರು ಬರ್ಕೊಂಡು ತಿರುಗಿ ಓದಬೇಕು. ನಾನು "ಎಪ್ಪತ್ತು ಸಾವಿರ" ಅಂದೆ. ಅವರು "ಇಪ್ಪತ್ತು ಸಾವಿರ" ಅಂತ ತಿರುಗಿ ಹೇಳಿದರು.

ಇದನ್ನ ಕ್ಯುಸೆಕ್ ಅಂತ ತಿಳ್ಕೊಂಡು ನೋಡ್ರಿ. ಸೊಲ್ಲಾಪುರದ ಕಡೆಯಿಂದ ನನಗೆ ಬಂದ ಅಂಕಿ ನಾನು ಕೆಳಗ ಯಾದಗಿರಿ ಕಡೆ ದಾಟಿಸಬೇಕು. 20 ಸಾವಿರ ಅಂತ ಕೇಳಿದವ ಪಂಪು ದಂಡಿಗೇ ಬಿಟ್ಟು ಮಲಗ್ತಾನ. 70 ಸಾವಿರ ಅಂತ ಕೇಳಿದವ ಎತ್ತಿಕೊಂಡು ಬರ್ತಾನ. ಎರಡು ಶಬ್ದಕ್ಕ ಫರಕು ಮೊದಲನೇ ಅಕ್ಷರದಾಗ ಮಾತ್ರ ಅದ.

ಹಿರಿಯರು ತಿಳಿಸಿದ್ದನ್ನ ನಮ್ಮ ಭಾಷೆದಾಗ ಹೇಳ್ತೀನಿ. ಗಂಡಸರ ದನಿಯ ಬುಡ 100ರಿಂದ 150 ಹರ್ಟ್ಸ್ ಸುಮಾರಿಗೆ ಇರ್ತದ. ಅದೇ ನಮಗ "ಗಂಭೀರ ದನಿ" ಅನಿಸೋದು. ಶಕ್ತಿ ಬಹಳಷ್ಟು 500ರ ಕೆಳಗೇ ಇರ್ತದ. ಆದರ ಅದು ಕ ಏನು ಪ ಏನು, ಇ ಏನು ಎ ಏನು ಅಂತ ಗುರುತು ಹಿಡಿಸೋ ಭಾಗ ಹೆಚ್ಚಾಗಿ 1000ದ ಮೇಲೆ, 2000ದ ಆಸುಪಾಸು ಅದ. ಹ್ಯಾಮ್ ಸೆಟ್ಟು ದೂರದ ಮಾತಿಗೆ ಬಳಸೋ ಎಸ್‌ಎಸ್‌ಬಿ ಪದ್ಧತಿಯೊಳಗ ದನಿಗೆ ಸಿಗೋ ದಾರಿ ಸಣ್ಣದು, ಸುಮಾರು 300ರಿಂದ 2700 ಹರ್ಟ್ಸ್. ಮನಿ ಲ್ಯಾಂಡ್‌ಲೈನ್ ಫೋನಿಗೇ 3400ರ ತನಕ ದಾರಿ ಇತ್ತು, ಇದು ಅದಕ್ಕಿಂತ ಸಣ್ಣದು.

ಕಾಲುವೆ ಲೆಕ್ಕ ಹಾಕ್ರಿ. ಬಿಡೋ ನೀರು ಅಷ್ಟೇ. ಮೊದಲಿನ ಹೊಲದವನೇ ತೂಬು ಪೂರ್ತಿ ತೆರೆದು ಕುಂತರ ಟೇಲ್ ಎಂಡಿನ ಹೊಲಕ್ಕ ಏನು ಮುಟ್ತದ? ದಪ್ಪ ದನಿ ಅಂದ್ರ ಮೊದಲಿನ ಹೊಲ, ಅಕ್ಷರದ ಗುರುತು ಅಂದ್ರ ಟೇಲ್ ಎಂಡ್. ಸೆಟ್ಟಿನ ಶಕ್ತಿ ಎಲ್ಲಾ ದಪ್ಪ ದನಿನೇ ಕುಡಿದುಬಿಟ್ಟರ ಮಾತು ಒಣಗ್ತದ. ಈಕ್ವಲೈಸರ್ ಅನ್ನೋದು ಈ ತೂಬುಗಳನ್ನ ಹೆಚ್ಚು ಕಡಿಮೆ ಮಾಡೋ ಹಿಡಿಕಿ, ಅಷ್ಟೇ.

ಊರಾಗ ಇದಕ್ಕ ಸಾಕ್ಷಿ ಅದ. ಜಾತ್ರಿ ಡಿಜೆ ಎರಡು ಊರಿಗೆ ಕೇಳ್ತದ, ಬರೇ ಧಡ್ ಧಡ್, ಹಾಡು ಯಾವುದು ಅಂತ ತಿಳಿಯಂಗಿಲ್ಲ. ಗಿಡಕ್ಕ ಕಟ್ಟಿದ ಹಳೇ ಭೋಂಗಾ ನೋಡ್ರಿ, ದಪ್ಪ ದನಿ ಅದರಾಗ ಬರೋದೇ ಇಲ್ಲ, ಕೇಳಲಿಕ್ಕೆ ಒಣಾ ಒಣಾ. ಆದ್ರ "ನಾಳೆ ಕರೆಂಟು ಇರಂಗಿಲ್ಲ" ಅಂತ ಊರಾಗ ಕೂಗಿದ್ದು ಹೊಲದಾಗ ಪ್ರತಿ ಅಕ್ಷರ ಕೇಳ್ತದ.

ನಾನು ಮಾಡಿದ ಕ್ರಮ ಹಿಂಗದ. ಮೊದಲು ಈಕ್ವಲೈಸರ್ ಪೂರ್ತಿ ಬಂದ್. ಮೈಕ್ ತುಟಿಯಿಂದ ಎರಡು ಬೆರಳು ದೂರ, ಉಸಿರು ನೇರ ಬಡಿಯದಂಗ ಜರಾ ಓರೆ. ಆಮೇಲೆ ಮೈಕ್ ಗೇನ್. ಮಾತಾಡುವಾಗ ಎಎಲ್‌ಸಿ ಅನ್ನೋ ಮುಳ್ಳು ತನ್ನ ಗೆರಿಯೊಳಗೇ ಆಡಬೇಕು. ಗೆರಿ ದಾಟಿದರ ನಮ್ಮ ದನಿ ಒಡೆದು ಪಕ್ಕದ ಸ್ಟೇಷನ್ನಿನವರ ಮೇಲೆ ಬೀಳ್ತದ, ಬದುವು ಒಡೆದು ಪಕ್ಕದ ಹೊಲಕ್ಕ ನೀರು ನುಗ್ಗಿದಂಗ. ಇವೆರಡೂ ಸರಿ ಆಗದೇ ಈಕ್ವಲೈಸರ್ ಮುಟ್ಟೋದು ಅಂದ್ರ ಹರಗದೇ ಬಿತ್ತಿದಂಗ.

ನನ್ನ ಸೆಟ್ಟಿನಾಗ ಮೂರು ಹಿಡಿಕಿ ಅದಾವ: ಕೆಳಗಿನದು, ನಡುವಿನದು, ಮೇಲಿನದು. ಕೆಳಗಿನದನ್ನ 200 ಹರ್ಟ್ಸ್ ಹತ್ತಿರ 12 ಡೆಸಿಬೆಲ್ ಇಳಿಸಿದೆ. ನಡುವಿನದನ್ನ ಹೆಚ್ಚು ಮುಟ್ಟಲಿಲ್ಲ. ಮೇಲಿನದನ್ನ 2100ರ ಹತ್ತಿರ 6 ಏರಿಸಿದೆ. ಒಂದು ಸಲಕ್ಕ ಒಂದೇ ಹಿಡಿಕಿ ತಿರುವಿ ಪ್ರತಿ ಸಲ ಅದೇ 20 ಅಂಕಿ ಓದಿದೆ. ಕಂಪ್ರೆಸರ್ ಅಂತ ಒಂದದ, ಸಣ್ಣ ದನಿ ಎತ್ತಿ ದೊಡ್ಡದರ ಸಮ ಮಾಡ್ತದ. ಅದನ್ನ ಬಹಳ ಕಡಿಮೆ ಇಟ್ಟೀನಿ, ಯಾಕಂದ್ರ ಅದು ಗಾಳಿ, ಫ್ಯಾನು, ಹೊರಗಿನ ಎಮ್ಮಿ ದನಿನೂ ಎತ್ತಿ ಸೊಲ್ಲಾಪುರಕ್ಕ ಕಳಿಸ್ತದ. ಈ ಅಂಕಿಗಳು ನನ್ನ ಗಂಟಲಿಗೆ, ನನ್ನ ಮೈಕಿಗೆ. ಹೆಣ್ಮಕ್ಕಳ ದನಿಗೆ ಕೆಳಗ ಇಷ್ಟು ಇಳಿಸೋದು ಬೇಕಾಗಂಗಿಲ್ಲ.

ಶುರುವಿಗೆ 20ರಾಗ 12 ಸರಿ ಮುಟ್ಟಿದ್ದವು. ನಾಲ್ಕು ದಿನದ ತಿರುವಾಟದ ನಂತರ 18. ಸೆಟ್ಟಿನ ಪವರ್ ಒಂದು ವ್ಯಾಟ್ ಹೆಚ್ಚು ಮಾಡಿಲ್ಲ. ಹೆಡ್‌ಫೋನಿನಾಗ ನನ್ನ ದನಿ ನನಗೇ ಕೇಳಿದರ ತೆಳ್ಳಗ, ಡಬ್ಬಿಯೊಳಗಿಂದ ಬಂದಂಗ ಅನಿಸ್ತದ. ಮನಿಯಾಕಿ ನಗ್ತಾಳ, "ನೆಗಡಿ ಆದವರಂಗ ಆಗ್ಯದ ನಿಮ್ಮ ದನಿ" ಅಂತ. ಆಗಲಿ. ಹದ ಮಾಡಿದ್ದು ನನ್ನ ಕಿವಿಗಲ್ಲ, ಆ ಕಡೆ ಪೆನ್ನು ಹಿಡಿದು ಕುಂತವರ ಕಿವಿಗೆ.

ದುಬಾರಿ ಸೆಟ್ಟು ಇದ್ದರೇ ಆಗ್ತದ ಅಂತೇನಿಲ್ಲ. ನಮ್ಮ ವಾಡಿಯಿಂದ ರೈಲು ಹತ್ತಿದರ ಸಿಗೋ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ಬಿಟ್‌ಎಕ್ಸ್ ಅಂತ ಸಾದಾ ಸೆಟ್ಟಿನ ನಕ್ಷೆ ಕೊಟ್ಟಾರ. ನಮ್ಮ ದೇಶದ ಅಂಗಡಿಗಳಾಗ ಸಿಗೋ ಬಿಡಿ ಭಾಗದಿಂದಲೇ ಕಟ್ಟಬಹುದು, ಜಗತ್ತಿನ ಎಷ್ಟೋ ಹ್ಯಾಮ್‌ಗಳು ಕಟ್ಟ್ಯಾರ. ಅಂಥ ಸಾದಾ ಸೆಟ್ಟಿನಾಗ ಮೆನು ಹಿಡಿಕಿ ಇಲ್ಲದಿದ್ದರ, ಮೈಕಿನಿಂದ ಒಳಗ ಹೋಗೋ ದಾರಿಯ ಕೆಪಾಸಿಟರ್ ತೆಗೆದು ಸಣ್ಣ ಬೆಲೆಯದು ಹಾಕಿದರ ದಪ್ಪ ದನಿ ಅಲ್ಲೇ ನಿಲ್ತದ. ಕೆಲಸ ಒಂದೇ, ಹತಾರ ಬ್ಯಾರೆ.

ಆದರ ಈಕ್ವಲೈಸರ್ ಎಲ್ಲಾ ಮಾಡಂಗಿಲ್ಲ. ಉಳಿದ ಎರಡು ಅಂಕಿ ಅದಕ್ಕೇ ಉಳಿದವು. "ಸ" ಅಕ್ಷರದ ಸುಯ್ ಅನ್ನೋ ದನಿ ಬಹುಪಾಲು 4000ದ ಮೇಲೆ ಇರ್ತದ. 2700ರ ದಾರಿಯಾಗ ಅದು ಹೋಗಲಿಕ್ಕೇ ಆಗಂಗಿಲ್ಲ, ಯಾವ ಹಿಡಿಕಿ ಎಷ್ಟು ತಿರುವಿದರೂ. ಹಂಗಾಗಿ "ನೀರು ಸಾಕು" ಅಂದದ್ದು ಆ ಕಡೆ "ನೀರು ಹಾಕು" ಅಂತ ಕೇಳಬಹುದು. ಪೂರ್ತಿ ಉಲ್ಟಾ ಅರ್ಥ! ಇದಕ್ಕ ಮದ್ದು ಮಷೀನಿನಾಗ ಇಲ್ಲ, ನಾಲಗಿಯಾಗ ಅದ. ನಾವೀಗ "ಸಾಕು" ಅನ್ನಂಗಿಲ್ಲ, "ನಿಲ್ಲಿಸ್ರಿ" ಅಂತೀವಿ. "ಎಪ್ಪತ್ತು ಸಾವಿರ" ಅಂದ ಕೂಡಲೇ "ಏಳು, ಮುಂದ ನಾಕು ಸೊನ್ನಿ" ಅಂತ ಬಿಡಿಸಿ ಹೇಳ್ತೀವಿ. ಕೇಳಿದವರು ತಿರುಗಿ ಓದಬೇಕು, ಓದದ ತನಕ ಸುದ್ದಿ ಮುಟ್ಟಿಲ್ಲ ಅಂತಲೇ ಲೆಕ್ಕ. ಹಿಂಗ ಮಾಡಿದ ಮೇಲೆ 20ಕ್ಕ 20.

ರೇಡಿಯೋ ಇಲ್ಲದವರೂ ಇಷ್ಟು ಮಾಡ್ರಿ. ಮಳಿಗಾಲದಾಗ ನೆಟ್‌ವರ್ಕ್ ಹರಕು ಇದ್ದಾಗ ಫೋನಿನಾಗ ಅಂಕಿ ಹೇಳಿದರ ಬಿಡಿ ಬಿಡಿ ಹೇಳ್ರಿ, ತಿರುಗಿ ಹೇಳಿಸ್ರಿ. ಊರಾಗ ಮೈಕಿನಾಗ ಡಂಗುರ ಹೊಡೆಯುವಾಗ ಆಂಪ್ಲಿಫೈಯರಿನ ಬಾಸ್ ಗುಂಡಿ ಪೂರ್ತಿ ಇಳಿಸ್ರಿ, ಟ್ರೆಬಲ್ ಜರಾ ಏರಿಸ್ರಿ, ವಾಲ್ಯೂಮ್ ಅಷ್ಟೇ ಇರಲಿ. ಊರ ಹೊರಗ ಒಬ್ಬ ಹುಡುಗನ್ನ ನಿಲ್ಲಿಸಿ ಕೇಳಿದ್ದನ್ನ ಬರೆಸ್ರಿ. ಅವ ಬರೆದದ್ದು ನೀವು ಹೇಳಿದ್ದು ಒಂದೇ ಆದರ ಮೈಕು ಸರಿ ಅದ ಅಂತ ತಿಳೀರಿ.