ಅವಸರ ಇಲ್ಲ ಅಂದರು

ಪದವಿ ಕಾಲೇಜಿಗೆ ಸೇರಿದ ಮೊದಲ ತಿಂಗಳು. ಆಫೀಸಿನ ಕಿಟಕಿಯ ಮುಂದೆ ನಿಂತು, ವಿದ್ಯಾರ್ಥಿವೇತನದ ಅರ್ಜಿ ತೋರಿಸಿ ಕೇಳಿದೆ: ‘ಸಾರ್, ಇದು ಅವಸರವಾ?’ ಗುಮಾಸ್ತರು ‘ಅವಸರ ಏನಿಲ್ಲಪ್ಪಾ’ ಅಂದರು. ಅರ್ಜಿ ಮಡಚಿ ಟ್ರಂಕಿನಲ್ಲಿಟ್ಟುಬಿಟ್ಟೆ. ಆ ವರ್ಷದ ಹಣ ಬರಲಿಲ್ಲ.

ಅವರದೇನೂ ತಪ್ಪಿಲ್ಲ. ಪಾವಗಡ ತಾಲ್ಲೂಕಿನ ನಮ್ಮ ಮನೆಮಾತು ತೆಲುಗು. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ, ಕನ್ನಡದಲ್ಲಿ ಆತುರ. ‘ಇದು ಕೊಡಲೇಬೇಕಾ’ ಎಂದು ನಾನು ಕೇಳಿದ್ದೆ, ‘ನಿಧಾನವಾಗಿ ಕೊಡು’ ಎಂದು ಅವರು ಹೇಳಿದ್ದರು. ವಿಷಯ ತಿಳಿದ ಗೆಳೆಯರು ನಕ್ಕರು. ಅಂದಿನಿಂದ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಗೊತ್ತಿಲ್ಲದ್ದನ್ನು ಕೇಳಲಿಲ್ಲ, ಗೊತ್ತಿದ್ದದ್ದನ್ನೂ ಹೇಳಲಿಲ್ಲ. ಹುಡುಗ ಬಹಳ ಶಿಸ್ತು ಎಂದುಕೊಂಡರು ಮೇಷ್ಟ್ರುಗಳು.

ಈಗ ಅಕ್ಕನ ಮಗಳು ಬಿ.ಕಾಂ. ಮೊದಲ ವರ್ಷದಲ್ಲಿದ್ದಾಳೆ, ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾಳೆ. ಮನೆಯಲ್ಲಿ ತೆಲುಗು, ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ಪುಸ್ತಕವೆಲ್ಲ ಇಂಗ್ಲಿಷು. ಎರಡನೆಯ ವಾರಕ್ಕೇ ಅವಳ ಮಾತು ಕಡಿಮೆಯಾಗಿತ್ತು. ಕಾರಣ ಕೇಳಿದೆ. ‘ಏನೋ ಹೇಳಕ್ಕೆ ಹೋದ್ರೆ ತೆಲುಗು ಬಂದ್ಬಿಡತ್ತೆ ಮಾಮ’ ಅಂದಳು. ನನಗೆ ಆ ಟ್ರಂಕು ನೆನಪಾಯಿತು.

ನಾನು ಓದುವಾಗ ನಮ್ಮದು ಬೆಂಗಳೂರು ವಿಶ್ವವಿದ್ಯಾಲಯ. ವರ್ಷಕ್ಕೊಂದು ಪರೀಕ್ಷೆ. ಆರು ತಿಂಗಳು ಮೂಲೆಯಲ್ಲಿ ಕೂತವನೂ ಆಮೇಲೆ ಸುಧಾರಿಸಿಕೊಳ್ಳಬಹುದಿತ್ತು. ನಮ್ಮ ಜಿಲ್ಲೆಗೆ ತುಮಕೂರು ವಿಶ್ವವಿದ್ಯಾಲಯ ಬಂದದ್ದು ಆಮೇಲೆ, 2004ರಲ್ಲಿ. ಈಗಿನದು ಸೆಮಿಸ್ಟರ್ ಲೆಕ್ಕ, ನಾಲ್ಕೈದು ತಿಂಗಳಲ್ಲಿ ಒಂದು ಮುಗಿದೇ ಹೋಗುತ್ತದೆ. ನಾಲ್ಕು ವರ್ಷದ ಪದವಿ ಹೋಗಿ 2024–25ರಿಂದ ಮತ್ತೆ ಮೂರು ವರ್ಷದ್ದು ಬಂದಿದೆ. ನಾಚಿಕೆಯಲ್ಲಿ ಒಂದು ಸೆಮಿಸ್ಟರ್ ಕಳೆದರೆ ಪದವಿಯ ಆರನೇ ಒಂದು ಪಾಲು ಕಳೆದಂತೆ.

ಅದಕ್ಕೆ ಅವಳಿಗೊಂದು ನೋಟ್‌ಬುಕ್ ಕೊಡಿಸಿ, ಹಾಳೆಗೆ ಮೂರು ಅಂಕಣ ಗೀಚಿಕೊಟ್ಟೆ: ಇಂಗ್ಲಿಷು, ಕನ್ನಡ, ತೆಲುಗು. ಮೊದಲ ಸಾಲಿನಲ್ಲಿ ‘ಸ್ಯಾಲರಿ’ ಬರೆದಳು. ಕನ್ನಡಕ್ಕೆ ಸಂಬಳ. ತೆಲುಗಿಗೆ ‘ಜೀತಂ’ ಬರೆದು ಪೆನ್ನು ಹಿಡಿದು ಸುಮ್ಮನೆ ಕೂತಳು. ಕನ್ನಡದಲ್ಲಿ ಜೀತ ಎಂದರೆ ಏನೆಂದು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ‘ಪ್ರಸಂಗ’ವೂ ಹಾಗೇ. ತೆಲುಗಿನಲ್ಲಿ ಅದು ಭಾಷಣ, ಕನ್ನಡದಲ್ಲಿ ನಡೆದ ಸಂಗತಿ. ತರಗತಿಯಲ್ಲಿ ಪಕ್ಕದಲ್ಲಿ ಕೂರುವ ಕೊರಟಗೆರೆ ಹುಡುಗಿಗೆ ತೆಲುಗು ಬಾರದು, ಈ ಹಾಳೆಗಳನ್ನು ಅವಳೂ ನಕಲು ಮಾಡಿಕೊಳ್ಳುತ್ತಿದ್ದಾಳೆ.

ನಮ್ಮ ತಾಲ್ಲೂಕಿನ ಮೂರು ಕಡೆಯೂ ಆಂಧ್ರ. ಪಾವಗಡದಿಂದ ಮಧುಗಿರಿಗೆ ನೇರ ದಾರಿಯಲ್ಲಿ ಹೊರಟ ಬಸ್ಸು ಆಂಧ್ರದ ನೆಲ ದಾಟಿಯೇ ಬರಬೇಕು. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಗಡಿಯ ಆ ಕಡೆ ಉಳಿದಿದೆ. ಅಲ್ಲಿ ಕನ್ನಡ ಶಾಸನಗಳಿವೆ. ಈ ಕಡೆ ನಮ್ಮ ನಿಡಗಲ್ಲನ್ನು ಆಳಿದ ಚೋಳರು ತೆಲುಗು ಚೋಳರ ಕವಲು, ಅವರೂ ಕನ್ನಡದಲ್ಲಿ ಶಾಸನ ಹಾಕಿಸಿದರು. ಎರಡು ನುಡಿ ಕೂಡಿ ಬಾಳಿದ ನೆಲದ ಮಗು ತರಗತಿಯಲ್ಲಿ ತಲೆ ತಗ್ಗಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಅವಳಿಗೆ ಹೇಳಿದ ಇನ್ನೆರಡು ಮಾತೂ ನಮ್ಮ ಕಡೆಯವೇ. ತೆಲುಗು ಮನೆಗಳಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು, ಮುಂದೆ ಬರುತ್ತದೆ, ಶಾಲೆಯಲ್ಲಿ ಅದು ಇನಿಷಿಯಲ್ ಆಗಿ ಹಿಂದಕ್ಕೆ ಹೋಗುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ ಅಲ್ಲೇ ನಿಂತುಬಿಡುತ್ತದೆ. ಕೊನೆಯ ದಿನದವರೆಗೆ ಕಾಯದೆ ಮೊದಲೇ ಸರಿ ಮಾಡಿಸಬೇಕು. ಗಡಿಯಾಚೆಯಿಂದ ಶಿರಾಕ್ಕೆ ಓದಲು ಬರುವ ಅಮರಾಪುರದ ಕಡೆಯ ಕನ್ನಡ ಮಕ್ಕಳಿಗಂತೂ ಕಾಗದಪತ್ರದ ತೊಡಕು ಇನ್ನೂ ಹೆಚ್ಚು.

ಎರಡನೆಯದು ಕಡ್ಲೆಕಾಯಿ. ಮೊದಲ ಸೆಮಿಸ್ಟರ್‌ನ ಇಂಟರ್ನಲ್ಸ್ ಬರುವುದೂ ಹೊಲದಲ್ಲಿ ಕಡ್ಲೆಗಿಡ ಕೀಳುವುದೂ ಒಂದೇ ಹೊತ್ತು. ಕೂಲಿಯವರು ಸಿಕ್ಕದಿದ್ದರೆ ಮಕ್ಕಳು ಊರಿಗೆ ಹೋಗುತ್ತಾರೆ, ನಾನೂ ಹೋದವನೇ. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೋಗುವ ಮುಂಚೆ ಮೇಡಂಗೆ ಹೇಳಿ ಹೋಗು, ಹಾಜರಿ ನೂರಕ್ಕೆ 75 ಇರಲೇಬೇಕು, ಎಷ್ಟು ದಿನ ಬಿಡಬಹುದು ಎಂದು ಎಣಿಸಿಕೊಂಡು ಹೋಗು ಅಂದೆ. ಎಣಿಸಿಕೊಂಡೇ ಹೋದಳು, ನಾಲ್ಕು ದಿನಕ್ಕೆ. ಜೊತೆಯಲ್ಲಿ ನಾನೂ ಹೋದೆ.

ರಾತ್ರಿ ಜಗಲಿಯಲ್ಲಿ ಕಾಯಿ ಬಿಡಿಸುತ್ತಾ ಕೂತಿದ್ದೆವು. ಅವಳ ಅವ್ವ (ತೆಲುಗಿನಲ್ಲಿ ಅಜ್ಜಿ), ಅಂದರೆ ನನ್ನ ತಾಯಿ, ಏನು ಓದುತ್ತೀಯೆಂದು ತೆಲುಗಿನಲ್ಲಿ ಕೇಳಿದಳು. ಹುಡುಗಿ ‘ಡಿಪ್ರಿಸಿಯೇಷನ್’ ಅಂದಳು. ಕನ್ನಡದಲ್ಲಿ ಸವಕಳಿ ಎಂದು ಅವಳಿಗೆ ಗೊತ್ತು, ತೆಲುಗಿನ ಅಂಕಣ ಮಾತ್ರ ಖಾಲಿಯಿತ್ತು. ಬೋರ್‌ವೆಲ್ ಮೋಟಾರು ತೋರಿಸಿ, ತಂದ ವರ್ಷ ಇದ್ದ ಬೆಲೆ ಈಗಿಲ್ಲ, ವರ್ಷ ವರ್ಷ ಅಷ್ಟಷ್ಟು ಕಳೆಯುತ್ತಾ ಲೆಕ್ಕ ಬರೆಯಬೇಕು ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದಳು.

ಅವ್ವ ಮೊರದಿಂದ ಕೈ ತೆಗೆದು ಕೇಳಿದಳು: ‘ಚೆಪ್ಪುಲು ಅರಿಗಿಪೋಯಿನಟ್ಲಾ?’ ಚಪ್ಪಲಿ ಸವೆದುಹೋದ ಹಾಗಾ?

ಹುಡುಗಿ ಕೈಯ ಮಣ್ಣು ಲಂಗಕ್ಕೆ ಒರೆಸಿಕೊಂಡು, ನೋಟ್‌ಬುಕ್ ತರಲು ಒಳಗೆ ಓಡಿದಳು.